ಕಡಲಿಗೂ ಹಕ್ಕುಪತ್ರ ಉಂಟೇ?

ಪ್ರಶ್ನೆ: ಆಸ್ಟ್ರೇಲಿಯಾದ ಮೂಲನಿವಾಸಿಗಳು ನೆಲದ ಜೊತೆಗೆ ಕಡಲನ್ನೂ ತಮ್ಮ ಪೂರ್ವಿಕರದೆಂದು ಹೇಳುತ್ತಾರೆ. ಆದರೆ ತಾವು ಅದರ ಒಡೆಯರಲ್ಲ, ಮುಂದಿನವರಿಗಾಗಿ ಕಾಯುವವರು ಎಂದೂ ಹೇಳುತ್ತಾರೆ. ಒಡೆತನವಿಲ್ಲದಿದ್ದರೆ ಹಕ್ಕು ಎಲ್ಲಿಂದ ಬರುತ್ತದೆ? ಪಹಣಿ, ಖಾತೆ ಯಾವುದೂ ಇಲ್ಲದವರ ಮಾತನ್ನು ನ್ಯಾಯಾಲಯ ಹೇಗೆ ಒಪ್ಪುತ್ತದೆ?
– ಓದುಗರೊಬ್ಬರು, ಕುಮಟಾ

ಉತ್ತರ: ನಿಮ್ಮ ಈ ಸಂದೇಹವೇ 1971ರಲ್ಲಿ ಯೋಲ್ಙು ಜನರ ಸೋಲಿಗೆ ಕಾರಣವಾಗಿತ್ತು, ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. (ನಮ್ಮ ವರ್ಣಮಾಲೆಯಲ್ಲಿದ್ದೂ ಬಳಕೆಯಲ್ಲಿ ಅಪರೂಪವಾದ ‘ಙ’ಕಾರ ಅವರ ನುಡಿಯಲ್ಲಿ ನಿತ್ಯವೂ ಕೇಳಿಸುತ್ತದೆ.) ಇವರು ಉತ್ತರ ಆಸ್ಟ್ರೇಲಿಯಾದ ಆರ್ನ್‌ಹೆಮ್ ಲ್ಯಾಂಡಿನ ಈಶಾನ್ಯ ಕರಾವಳಿಯವರು. ಅವರ ಮೀಸಲು ಪ್ರದೇಶದಿಂದ 300 ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಸರ್ಕಾರ ಬಾಕ್ಸೈಟ್ ಗಣಿಗಾರಿಕೆಗೆಂದು ಬೇರ್ಪಡಿಸಿದಾಗ, 1963ರಲ್ಲಿ ಅಲ್ಲಿನ ಯಿರ್ಕಲಾ ಎಂಬ ಊರಿನ ಹಿರಿಯರು ತಮ್ಮ ನುಡಿಯಲ್ಲೂ ಇಂಗ್ಲಿಷಿನಲ್ಲೂ ಬರೆಸಿದ ಮನವಿಯನ್ನು ಮರದ ತೊಗಟೆಗೆ ಅಂಟಿಸಿ, ಸುತ್ತಲೂ ತಮ್ಮ ಕುಲಗಳ ಚಿತ್ರಗಳನ್ನು ಬರೆದು ಸಂಸತ್ತಿಗೆ ಕಳುಹಿಸಿದರು. ಗಣಿ ನಿಲ್ಲಲಿಲ್ಲ, ಅವರು ನ್ಯಾಯಾಲಯಕ್ಕೆ ಹೋದರು. ಅವರಲ್ಲಿ ಸುವ್ಯವಸ್ಥಿತವಾದ ಕಾನೂನು ಇದೆ ಎಂಬುದನ್ನು ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಒಪ್ಪಿದರು. ಆದರೆ ನೆಲ ಕುಲಕ್ಕೆ ಸೇರಿದೆ ಎನ್ನುವುದಕ್ಕಿಂತ ಕುಲವೇ ನೆಲಕ್ಕೆ ಸೇರಿದೆ ಎನ್ನುವುದು ಸುಲಭವೆಂದೂ, ಅಂಥ ಸಂಬಂಧ ಆಸ್ತಿಯ ಹಕ್ಕಾಗಲಾರದೆಂದೂ ತೀರ್ಮಾನಿಸಿದರು. ಕರ್ತವ್ಯ ಹೆಚ್ಚಾದಷ್ಟೂ ಹಕ್ಕು ಕಡಿಮೆ ಎಂಬ ಈ ಎಣಿಕೆಯನ್ನು ನಾನು ಒಪ್ಪಲಾರೆ.

ಏಕೆಂದರೆ ಯೋಲ್ಙು ವ್ಯವಸ್ಥೆಯಲ್ಲಿ ಹಕ್ಕು ಮತ್ತು ಕಾಪು ಒಂದೇ ಹಗ್ಗದ ಎರಡು ಎಳೆಗಳಾಗಿವೆ. ಮಗುವಿಗೆ ತಂದೆಯ ಕುಲದ ನೆಲ, ನೀರು, ಹಾಡು, ಚಿತ್ರ ಬರುತ್ತವೆ. ತಾಯಿಯ ಕುಲದ ನೆಲದ ಮೇಲೆ ನಿಗಾ ಇಡುವ ಹೊಣೆಯೂ ಬರುತ್ತದೆ. ತಾಯಿ ಮತ್ತು ಮಗು ಎಂಬ ಅರ್ಥದ ‘ಯೋತು ಯಿಂದಿ’ ಎಂಬ ಮಾತಿನಿಂದ ಅವರು ಈ ನಂಟನ್ನು ಕರೆಯುತ್ತಾರೆ. ಹೀಗೆ ಹೆಣ್ಣುಮಕ್ಕಳ ಮಕ್ಕಳು ಕಾವಲಿಗೆ ನಿಂತಿರುವಾಗ ಯಾವ ಕುಲವೂ ತನ್ನ ನೆಲದ ವಿಷಯದಲ್ಲಿ ಮನಸ್ಸು ಬಂದಂತೆ ನಡೆಯುವಂತಿಲ್ಲ. ಕಡಲಿಗೂ ಇದೇ ನಿಯಮ.

1996ರಲ್ಲಿ ಬ್ಲೂ ಮಡ್ ಕೊಲ್ಲಿಯ ಬಳಿ, ಪೂರ್ವಜ ಮೊಸಳೆ ‘ಬಾರು’ವಿನ ಪವಿತ್ರ ತಾಣದಲ್ಲಿ, ಅಕ್ರಮ ಮೀನುಗಾರರು ಬಿಟ್ಟುಹೋದ ಬಿಡಾರವೊಂದು ಕಂಡಿತು, ಅಲ್ಲಿ ಕಡಿದ ಮೊಸಳೆಯ ತಲೆ ಬಿದ್ದಿತ್ತು. ಆ ಅಪಚಾರಕ್ಕೆ ಯೋಲ್ಙು ಕಲಾವಿದರು ನೀಡಿದ ಉತ್ತರವೆಂದರೆ 80 ತೊಗಟೆಯ ಚಿತ್ರಗಳು. ಸಿಹಿನೀರು ಉಪ್ಪುನೀರಿನೊಡನೆ ಕೂಡುವ ಎಡೆ, ಉಬ್ಬರದ ಹರಿವು, ಪೂರ್ವಜರು ನಡೆದ ದಾರಿ ಇವೆಲ್ಲ ಅವುಗಳಲ್ಲಿವೆ. ಒಂದು ಕುಲದ ಗೆರೆಗಳನ್ನು ಹಕ್ಕಿಲ್ಲದ ಇನ್ನೊಬ್ಬರು ಬರೆಯುವಂತಿಲ್ಲವಾದ್ದರಿಂದ, ನೀವು ಕೇಳಿದ ಪಹಣಿ ಇವೇ ಎಂದು ನಾನು ಹೇಳುತ್ತೇನೆ.

ಆದರೂ ನ್ಯಾಯಾಲಯಕ್ಕೆ ಅದರದೇ ಆಧಾರ ಬೇಕಿತ್ತು. ಅಷ್ಟರಲ್ಲಿ ಟಾರೆಸ್ ಜಲಸಂಧಿಯ ಎಡ್ಡಿ ಮಾಬೊ ಹೂಡಿದ್ದ ಮೊಕದ್ದಮೆಯ 1992ರ ತೀರ್ಪು, ಬ್ರಿಟಿಷರು ಬರುವ ಮೊದಲಿನ ನೆಲದ ಹಕ್ಕನ್ನು ಎತ್ತಿಹಿಡಿದಿತ್ತು. 2001ರ ಕ್ರೋಕರ್ ದ್ವೀಪದ ತೀರ್ಪು ಕಡಲಿನ ಮೇಲೂ ಹಕ್ಕಿದೆ, ಆದರೆ ಇತರರನ್ನು ಹೊರಗಿಡುವ ಹಕ್ಕಿಲ್ಲ ಎಂದಿತು. ಬ್ಲೂ ಮಡ್ ಕೊಲ್ಲಿಯ ಬಗ್ಗೆ ಯೋಲ್ಙು ಜನರು ಹೂಡಿದ ಮೊಕದ್ದಮೆ ನಿಂತದ್ದು 1976ರ ಭೂಹಕ್ಕು ಕಾಯ್ದೆಯ ಮೇಲೆ. ಮೂಲನಿವಾಸಿಗಳ ನೆಲ ಇಳಿತದ ಗೆರೆಯವರೆಗೆ ಇರುವುದರಿಂದ, ಅದನ್ನು ಮುಚ್ಚುವ ಉಬ್ಬರದ ನೀರಿಗೆ ಇಳಿಯಲೂ ಅವರ ಅನುಮತಿ ಬೇಕೆಂದು, ಮೀನುಗಾರಿಕೆಯ ಪರವಾನಗಿಯೊಂದೇ ಸಾಲದೆಂದು ಅತ್ಯುನ್ನತ ನ್ಯಾಯಾಲಯ 2008ರ ಜುಲೈ 30ರಂದು ಹೇಳಿತು. ಆರ್ನ್‌ಹೆಮ್ ಲ್ಯಾಂಡ್ ಸೇರಿರುವ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಕರಾವಳಿಯ ಸುಮಾರು ಶೇ. 80 ಭಾಗಕ್ಕೆ ಇದು ಅನ್ವಯಿಸುತ್ತದೆ. ಇಳಿತದ ಗೆರೆಯಾಚೆಯ ಕಡಲು ಈ ತೀರ್ಪಿನೊಳಗೆ ಬರಲಿಲ್ಲ.

ಕಾಯುವ ಕೆಲಸ ತೀರ್ಪಿಗಾಗಿ ಕಾದು ಕುಳಿತಿರಲಿಲ್ಲ. ಯೋಲ್ಙು ಹಿರಿಯರು 1992ರಲ್ಲಿ ಸ್ಥಾಪಿಸಿದ ದಿಮುರ್ರು ಸಂಸ್ಥೆಯ ಕಾವಲುಗಾರರು, ಕಡಲಿನಲ್ಲಿ ತೇಲಿಬಂದ ಪಾಳುಬಲೆಗಳನ್ನು ಎಳೆದು ತೆಗೆಯುತ್ತಾರೆ, ಅವುಗಳಲ್ಲಿ ಸಿಕ್ಕಿದ ಆಮೆಗಳನ್ನು ಬಿಡಿಸುತ್ತಾರೆ.

1963ರ ಮನವಿಯ ಬರವಣಿಗೆಯಲ್ಲಿ ತಂದೆಯ ಜೊತೆ ನೆರವಾಗಿ, ಮುಂದೆ ಆ ಸೋತ ಮೊಕದ್ದಮೆಯಲ್ಲಿ ದುಭಾಷಿಯಾಗಿದ್ದ ತರುಣ ಯುನುಪಿಂಗು, ಅದೇ ಬಾಕ್ಸೈಟ್ ನೆಲಕ್ಕೆ ಪರಿಹಾರ ಕೋರಿ 2019ರಲ್ಲಿ ಮತ್ತೆ ದಾವೆ ಹೂಡಿದರು. 2023ರಲ್ಲಿ ಅವರು ತೀರಿಕೊಂಡರು. ಪರಿಹಾರ ಕೇಳುವ ಹಕ್ಕು ಅವರ ಕುಲಕ್ಕೆ ಉಂಟೆಂದು ಅತ್ಯುನ್ನತ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು.