ಒಲೆ ಎಷ್ಟೋ ಕುಟುಂಬ ಅಷ್ಟು

ಪ್ರಶ್ನೆ: ನಾವು ಮೂವರು ಕೆಲಸ ಮಾಡುವ ಹುಡುಗಿಯರು ಹಳೆಯ ಮನೆಯೊಂದರ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಇಬ್ಬರದು ಒಟ್ಟಿಗೆ ಅಡುಗೆ. ಮೂರನೆಯವಳು ತನ್ನ ಕೋಣೆಯಲ್ಲೇ ಇಂಡಕ್ಷನ್ ಒಲೆ ಇಟ್ಟುಕೊಂಡಿದ್ದಾಳೆ. ಶೌಚಾಲಯವನ್ನು ಕೆಳಗಿನ ಮನೆಯವರ ಜೊತೆ ಹಂಚಿಕೊಂಡಿದ್ದೇವೆ. ಜನಗಣತಿಯವರು ಬಂದರೆ ಬಾಡಿಗೆಯ ಮಾತೇ ಎತ್ತಬೇಡಿ, ನಿಮ್ಮನ್ನು ನಮ್ಮ ಲೆಕ್ಕಕ್ಕೇ ಸೇರಿಸುತ್ತೇವೆ ಅನ್ನುತ್ತಾರೆ ಮಾಲೀಕರು. ಊರಲ್ಲಿ ಅಮ್ಮನೂ ನನ್ನ ಹೆಸರು ಬರೆಸುತ್ತಾಳಂತೆ. ಏನು ಮಾಡಲಿ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮಾಲೀಕರ ಲೆಕ್ಕಕ್ಕೆ ಸೇರಬೇಡಿ. ಶಿಕ್ಷಕಿಯಾಗಿದ್ದಾಗ 2001ರ ಮತ್ತು 2011ರ ಗಣತಿ ಎರಡರಲ್ಲೂ ಮನೆಮನೆ ತಿರುಗಿದವಳು ನಾನು. ಗಣತಿಯಲ್ಲಿ ಕುಟುಂಬ ಎಂದರೆ ರಕ್ತಸಂಬಂಧವಲ್ಲ, ಬಾಡಿಗೆ ಕರಾರೂ ಅಲ್ಲ. ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತಾ ಒಂದೇ ಅಡುಗೆಮನೆಯ ಊಟ ಮಾಡುವವರು ಒಂದು ಕುಟುಂಬ. ಹಾಗಾಗಿ ನೀವಿಬ್ಬರು ಒಂದು ಕುಟುಂಬ, ಇಂಡಕ್ಷನ್ ಒಲೆಯವಳು ಇನ್ನೊಂದು, ಕೆಳಗಿನವರು ಮತ್ತೊಂದು. ಬಾಗಿಲು ಒಂದೇ ಇದ್ದು ಮನೆಗೆ ಒಂದೇ ಸಂಖ್ಯೆ ಬಿದ್ದರೂ ಒಳಗೆ ಎಷ್ಟು ಕುಟುಂಬವಾದರೂ ಇರಬಹುದು.

2010ರ ಬೇಸಿಗೆಯಲ್ಲಿ, 2011ರ ಗಣತಿಯ ಮೊದಲ ಹಂತವಾದ ಮನೆಪಟ್ಟಿ ಮಾಡುತ್ತಾ ಒಂದು ವಠಾರಕ್ಕೆ ಹೋಗಿದ್ದೆ. ಜಗಲಿಯಲ್ಲಿ ಕೂತಿದ್ದ ಮಾಲೀಕರು "ಒಂದೇ ಮನೆ ಟೀಚರ್, ನಾವು ಆರು ಜನ" ಎಂದು ಅಲ್ಲೇ ಮುಗಿಸಲು ನೋಡಿದರು. ಹಿಂದಿನಿಂದ ಕುಕ್ಕರ್ ಕೂಗಿತು, ಮನೆಯಾಕೆ ನನ್ನೆದುರಿಗೇ ನಿಂತಿದ್ದರು! ಒಳಗೆ ಹೋದರೆ ಉದ್ದನೆಯ ಪಡಸಾಲೆ, ನಾಲ್ಕು ಒಲೆ. ಕೊನೆಯ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಇಟ್ಟುಕೊಂಡಿದ್ದ ಅಜ್ಜಿಯೊಬ್ಬರು, "ಒಬ್ಬಳೇ ಇದ್ದರೆ ಕುಟುಂಬ ಹೇಗಾಗುತ್ತೆ?" ಎಂದರು. ಆಗುತ್ತೆ ಎಂದು ಹೇಳಿ ಮುಖ್ಯಸ್ಥೆಯ ಜಾಗದಲ್ಲಿ ಅವರ ಹೆಸರು ಬರೆದೆ. ಜಗಲಿಯಿಂದಲೇ ಹಿಂದಿರುಗಿದ್ದರೆ ಆ ಅಜ್ಜಿ ದೇಶದ ಲೆಕ್ಕದಲ್ಲೇ ಇರುತ್ತಿರಲಿಲ್ಲ. ಇಂದಿಗೂ ಅದು ನೆನಪಾದರೆ ಸಂಕಟವಾಗುತ್ತದೆ.

ನಿಮ್ಮ ಮಾಲೀಕರಿಗೆ ತೆರಿಗೆಯ ಭಯ ಇದ್ದೀತು. ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಕೇಳುತ್ತಾರೆ ನಿಜ, ಬಾಡಿಗೆ ಎಷ್ಟೆಂದು ಕೇಳುವುದಿಲ್ಲ, ಕರಾರುಪತ್ರವನ್ನೂ ಕೇಳುವುದಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿ ದಾಖಲೆಯನ್ನು ಹೊರಗಿನವರು ಪರಿಶೀಲಿಸುವಂತಿಲ್ಲ, ಆ ಕಾಯ್ದೆಯಡಿಯ ಮೊಕದ್ದಮೆ ಬಿಟ್ಟರೆ ಅದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತೆಯೂ ಇಲ್ಲ. ಇದನ್ನು ಅವರಿಗೆ ಸಮಾಧಾನವಾಗಿ ತಿಳಿಸಿ. ನಿಮಗೆ ತಿಳಿದಷ್ಟನ್ನು ಸತ್ಯವಾಗಿ ಹೇಳುವುದು ಅದೇ ಕಾಯ್ದೆ ನಿಮ್ಮ ಮೇಲೆ ಹೊರಿಸಿರುವ ಹೊಣೆ ಎಂಬುದನ್ನೂ ಹೇಳಿ.

ಕೋಣೆಗಳ ಲೆಕ್ಕದಲ್ಲಿ ಬಹಳ ಜನ ತಪ್ಪುತ್ತಾರೆ. ನಿಮ್ಮ ಕುಟುಂಬದ ಬಳಕೆಗಷ್ಟೇ ಇರುವ ವಾಸದ ಕೋಣೆಗಳನ್ನು ಹೇಳಬೇಕು. ಅಡುಗೆಮನೆ, ಬಚ್ಚಲು ಸೇರುವುದಿಲ್ಲ. ಮೂವರೂ ಕೂರುವ ಹಾಲ್ ಎರಡು ಕುಟುಂಬಗಳ ನಡುವಿನದು, ಅದನ್ನೂ ಬಿಡಿ. ಕೋಣೆ ಎನ್ನಬೇಕಾದರೆ 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 2 ಮೀಟರ್ ಎತ್ತರವಾದರೂ ಇರಬೇಕು ಎಂದು ಆಗ ನಮಗೆ ಹೇಳಿಕೊಟ್ಟಿದ್ದರು. ಶೌಚಾಲಯ ಹಂಚಿಕೆಯದಾಗಿದ್ದರೆ ಹಾಗೆಂದೇ ಹೇಳಿ, ಅದರಲ್ಲಿ ನಾಚಿಕೆಯೇನಿಲ್ಲ.

ಅಮ್ಮನಿಗೆ ಇವತ್ತೇ ಫೋನ್ ಮಾಡಿ. ರೇಷನ್ ಕಾರ್ಡ್ ಊರಲ್ಲಿದೆ, ವೋಟು ಊರಲ್ಲಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವು ಸಾಮಾನ್ಯವಾಗಿ ಎಲ್ಲಿ ವಾಸವಿದ್ದೀರೋ ಅಲ್ಲೇ ನಿಮ್ಮ ಎಣಿಕೆ, ಹಬ್ಬಕ್ಕೋ ವಾರದ ರಜೆಗೋ ಊರಿಗೆ ಹೋಗಿಬಂದರೂ ಸರಿ. ಎರಡೂ ಕಡೆ ಬರೆಸಿದರೆ ನೀವೊಬ್ಬರೇ ಇಬ್ಬರಾಗುತ್ತೀರಿ.

ಈ ಬಾರಿ ಮನೆಪಟ್ಟಿ 2026ರಲ್ಲಿ, ಜನರ ಎಣಿಕೆ 2027ರ ಫೆಬ್ರವರಿಯಲ್ಲಿ ಎಂದು ಗೊತ್ತುಮಾಡಿದ್ದಾರೆ. ಆನ್‌ಲೈನಿನಲ್ಲಿ ಸ್ವಯಂ ಗಣತಿಗೂ ಅವಕಾಶವಿದೆ. ಹಗಲಿಡೀ ಕೆಲಸದಲ್ಲಿರುವ ನಿಮ್ಮಂಥವರಿಗೆ ಅದೇ ಅನುಕೂಲ. ತುಂಬಿದ ಮೇಲೆ ಸಿಗುವ ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಗಣತಿದಾರರಿಗೆ ತೋರಿಸಿ. ಮುಖ್ಯಸ್ಥರು ಯಾರೆಂದು ನೀವಿಬ್ಬರೇ ಒಪ್ಪಿ ಹೇಳಿದರಾಯಿತು, ವಯಸ್ಸಿನ ಲೆಕ್ಕವಿಲ್ಲ. ಇಂಡಕ್ಷನ್ ಒಲೆಯ ಗೆಳತಿಗೂ ಇದನ್ನು ಓದಿ ಹೇಳಿ. ಅವಳ ವಿವರ ಅವಳೇ ಬೇರೆಯಾಗಿ ತುಂಬಬೇಕು, ಮುಖ್ಯಸ್ಥೆಯೂ ಅವಳೇ.