ಸೋಮವಾರದ ಮಾತಿಗೆ ಒಂದು ಸಿಟ್ಟು ಬೇಕು

ಸಾಂಟಾ ಕ್ಲಾರಾಗೆ ಬಂದು ಎರಡು ತಿಂಗಳಾಯಿತು, ಸೋಮವಾರ ಆಫೀಸಿನಲ್ಲಿ ಎಲ್ಲರೂ ಅಮೆರಿಕನ್ ಫುಟ್‌ಬಾಲ್ ಮಾತಾಡುತ್ತಾರೆ, ನಾನು ಕಾಫಿ ಹಿಡಿದುಕೊಂಡು ಸುಮ್ನೆ ನಗುತ್ತಾ ನಿಂತಿರುತ್ತೇನೆ, ಗೊತ್ತಿರುವವರ ಹಾಗೆ ನಾಟಕ ಮಾಡಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ, ಸಿಕ್ಕಿಬೀಳುತ್ತೀರಿ. 2008ರಲ್ಲಿ ಬಂದ ಹೊಸತರಲ್ಲಿ ನಾನು 'ನಮ್ಮವರು ಎಷ್ಟು ಗೋಲ್ ಹೊಡೆದರು' ಅಂತ ಕೇಳಿದ್ದೆ. ನಮ್ಮವರು ಅಂದರೆ ಇಲ್ಲಿನ ತಂಡ, ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್; ಈ ಆಟದಲ್ಲಿ ಎಣಿಸುವುದು ಪಾಯಿಂಟ್. ಎದುರಿಗಿದ್ದ ನಾಲ್ಕು ಜನ ಮರ್ಯಾದೆಗೆ ನಗು ನುಂಗಿಕೊಂಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನನಗೆ ಆಟ ಕಲಿಸಿದ್ದು ಪಕ್ಕದ ಮನೆಯ ಅಜ್ಜ. ಕಸದ ಡಬ್ಬಿ ತಪ್ಪು ದಿನ ಹೊರಗಿಟ್ಟಿದ್ದೀಯ ಅಂತ ಹೇಳಲು ಬಂದವರು, ಹಾಗೇ ಅವರ ಗ್ಯಾರೇಜಿಗೆ ಕರೆದುಕೊಂಡು ಹೋದರು. ಟಿವಿಯ ಧ್ವನಿ ಬಂದ್, ಕಾಮೆಂಟರಿ ರೇಡಿಯೋದಲ್ಲಿ. ಮೈಮೇಲೆ ತಂಡದ ಹಳೆಯ ಹೀರೋ ಜೋ ಮೊಂಟಾನಾನ 16ನೇ ನಂಬರಿನ ಕೆಂಪು ಅಂಗಿ, ಅದರಲ್ಲಿ 6 ಅರ್ಧ ಉದುರಿಹೋಗಿತ್ತು. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತದೆ. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಒಳ್ಳೆಯದಾದರೂ ಕೆಟ್ಟದ್ದಾದರೂ ಅವನ ತಲೆಗೆ. ಮೊದಲ ದಿನ ಅವರು ಹೇಳಿಕೊಟ್ಟಿದ್ದು ಇಷ್ಟೇ. ನಿಮಗೂ ಸದ್ಯಕ್ಕೆ ಇಷ್ಟು ಸಾಕು.

ನಿಯಮಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಒಂದು ಸಿಟ್ಟು. 'ಒಳ್ಳೆ ಮ್ಯಾಚ್ ಅಲ್ವಾ' ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. 'ಅವನನ್ನು ಯಾಕೆ ಬಿಟ್ಟರು' ಅಂದು ನೋಡಿ, ಎರಡು ತಿಂಗಳಿಂದ ತಲೆ ಎತ್ತಿ ನೋಡದ ಮ್ಯಾನೇಜರ್ ಕೂಡ ಕುರ್ಚಿ ಎಳೆದುಕೊಂಡು ಬರುತ್ತಾನೆ.

ನನ್ನ ಸಿಟ್ಟು ಹೇಳುತ್ತೇನೆ. ಇಲ್ಲಿ ಹೊಸ ಹುಡುಗರನ್ನು ನಮ್ಮ ಐಪಿಎಲ್ ಹಾಗೆ ಹರಾಜಿನಲ್ಲಿ ಕೊಳ್ಳುವುದಿಲ್ಲ. ಹಿಂದಿನ ವರ್ಷ ಕೊನೆಗೆ ಬಂದ ತಂಡ ಮೊದಲು ಆರಿಸುತ್ತದೆ, ಅದಕ್ಕೆ ಡ್ರಾಫ್ಟ್ ಅಂತಾರೆ. 2021ರಲ್ಲಿ ನಮ್ಮವರು ಮೂರನೇ ಸರದಿ ಸಿಗಲಿ ಅಂತ ಮೂರು ವರ್ಷದ ಮೊದಲ ಸುತ್ತಿನ ಸರದಿಗಳನ್ನು ಮಯಾಮಿ ತಂಡಕ್ಕೆ ಕೊಟ್ಟು ಟ್ರೇ ಲ್ಯಾನ್ಸ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು ತಂದರು. ಹೊಲ ಮಾರಿ ಎತ್ತು ತಂದ ಹಾಗೆ. ಪಾಪ ಆ ಹುಡುಗನ ತಪ್ಪಿಲ್ಲ, 2022ರ ಎರಡನೇ ವಾರ ಕಾಲು ಮುರಿಯಿತು. ನಮ್ಮ ತಂಡಕ್ಕೆ ಮೊದಲಿಂದ ಇಳಿದು ಆಡಿದ್ದು ಒಟ್ಟು ನಾಲ್ಕೇ ಪಂದ್ಯ. ಆಮೇಲೆ ಡಲ್ಲಾಸ್‌ಗೆ ನಾಲ್ಕನೇ ಸುತ್ತಿನ ಒಂದು ಸರದಿಗೆ ಕೊಟ್ಟು ಕೈತೊಳೆದುಕೊಂಡರು. ಅದೇ 2022ರಲ್ಲಿ ಡ್ರಾಫ್ಟಿನ ಕಟ್ಟಕಡೆಯ 262ನೇ ಸರದಿಯಲ್ಲಿ ಬಂದವನು ಬ್ರಾಕ್ ಪರ್ಡಿ, ಅವನೂ ಕ್ವಾರ್ಟರ್‌ಬ್ಯಾಕೇ. ಕೊನೆಯವನಿಗೆ ಇಲ್ಲಿ 'ಮಿಸ್ಟರ್ ಇರ್ರೆಲೆವೆಂಟ್' ಅಂತ ತಮಾಷೆಗೆ ಹೆಸರಿಡುತ್ತಾರೆ. ನಮ್ಮಲ್ಲಿ ಚಿಕ್ಕ ಮಕ್ಕಳಿಗೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ, ಅದೇ. ಲೆಕ್ಕಕ್ಕಿಲ್ಲದ ಆ ಹುಡುಗ ಎರಡನೇ ವರ್ಷಕ್ಕೇ ತಂಡವನ್ನು ಸೂಪರ್ ಬೌಲ್‌ಗೆ, ಅಂದರೆ ಫೈನಲ್‌ಗೆ, ತಂದು ನಿಲ್ಲಿಸಿದ.

ಅಲ್ಲಿ ಏನಾಯಿತು ಕೇಳಿ. ಫೆಬ್ರವರಿ 2024, ಲಾಸ್ ವೇಗಸ್, ಎದುರಿಗೆ ಕಾನ್ಸಸ್ ಸಿಟಿ. ನಮ್ಮ ರಕ್ಷಣೆಯ ಆಟಗಾರ ಡ್ರೆ ಗ್ರೀನ್‌ಲಾ ಮೈದಾನಕ್ಕೆ ಓಡಿಕೊಂಡು ಬರುವಾಗಲೇ, ಯಾರೂ ಮುಟ್ಟದೆ, ಹಿಮ್ಮಡಿಯ ನರ ಹರಿದುಕೊಂಡು ಕುಸಿದ. ಆದರೂ ಪಂದ್ಯ ಸಮ ಆಗಿ ಹೆಚ್ಚುವರಿ ಸಮಯಕ್ಕೆ ಹೋಯಿತು. ಟಾಸ್ ನಮ್ಮದೇ. ಪ್ಲೇಆಫ್‌ನ ಆಗಿನ ಹೊಸ ನಿಯಮದ ಪ್ರಕಾರ ಎರಡೂ ತಂಡಕ್ಕೆ ಒಂದೊಂದು ಸಲ ಚೆಂಡು ಸಿಗುತ್ತದೆ. ಗಲ್ಲಿ ಕ್ರಿಕೆಟ್ ಆಡಿದ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ, ಎಷ್ಟು ಹೊಡೆಯಬೇಕು ಅಂತ ಗೊತ್ತಿದ್ದು ಆಡುವುದು ಸುಲಭ ಅಂತ. ಕೋಚ್ ಕೈಲ್ ಶಾನಹಾನ್ ಮೊದಲು ನಾವೇ ಆಡುತ್ತೇವೆ ಅಂದ. ಮೂರು ಪಾಯಿಂಟ್ ಬಂತು. ಅವರ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ನಿಧಾನಕ್ಕೆ ಬಂದು ಆರು ಪಾಯಿಂಟಿನ ಟಚ್‌ಡೌನ್ ಹಾಕಿ 25-22ಕ್ಕೆ ಮುಗಿಸಿದ. ಆಮೇಲೆ ನಮ್ಮ ಕೆಲವು ಆಟಗಾರರೇ ಆ ನಿಯಮ ಗೊತ್ತಿರಲಿಲ್ಲ ಅಂದರು! ನೀವು ಗೊತ್ತಿಲ್ಲ ಅಂತ ಮುಜುಗರ ಪಡುತ್ತಿದ್ದೀರಲ್ಲ, ಅದಕ್ಕೆ ಹೇಳಿದೆ.

ಶಾನಹಾನ್‌ನನ್ನು ಮನೆಗೆ ಕಳಿಸಿ ಅನ್ನುವವನು ನಾನಲ್ಲ. ಆಟ ಹೆಣೆಯುವುದರಲ್ಲಿ ಅವನಷ್ಟು ಬುದ್ಧಿವಂತರು ಕಡಿಮೆ. ಆದರೆ 2023ರಲ್ಲಿ ಮೂರನೇ ಸುತ್ತಿನಲ್ಲಿ ಒಬ್ಬ ಕಿಕ್ಕರ್‌ನನ್ನು, ಅಂದರೆ ಚೆಂಡು ಒದೆಯುವುದಕ್ಕಷ್ಟೇ ಇರುವವನನ್ನು, ಆರಿಸಿದರಲ್ಲ, ಜೇಕ್ ಮೂಡಿ, ಅದನ್ನು ಅಜ್ಜ ಇವತ್ತಿಗೂ ಕ್ಷಮಿಸಿಲ್ಲ. ಕಿಕ್ಕರ್ ಎಲ್ಲಿ ಬೇಕಾದರೂ ಸಿಗುತ್ತಾನೆ, ಅವನಿಗೆ ಅಷ್ಟು ಮುಂಚೆ ಸರದಿ ಸುಡಬೇಕಾ ಅನ್ನುವುದು ಅವರ ವಾದ. 2025ರ ಮೊದಲ ಪಂದ್ಯ ಮುಗಿದ ಕೂಡಲೇ ಮೂಡಿಯನ್ನು ಕೈಬಿಟ್ಟರು. ಅಜ್ಜ ಅವತ್ತು ಬೇಲಿ ಹತ್ತಿರ ಬಂದು ಏನೂ ಹೇಳಲಿಲ್ಲ, ಸುಮ್ನೆ ನನ್ನನ್ನು ನೋಡಿದರು.

ಪರ್ಡಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಕೊಟ್ಟಿದ್ದು ಜಾಸ್ತಿಯಾಯಿತು ಅಂತ ನಿಮ್ಮ ಆಫೀಸಿನಲ್ಲಿ ಒಬ್ಬ ಹೇಳೇ ಹೇಳುತ್ತಾನೆ. ಒಪ್ಪಬೇಡಿ. ಅದಕ್ಕೆ ಮುಂಚೆ ಅವನು ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಕಮ್ಮಿ ಸಂಬಳಕ್ಕೆ ದುಡಿಯುತ್ತಿದ್ದ. ಅಲ್ಲಿ ಉಳಿದ ದುಡ್ಡಿನಿಂದಲೇ ಅಲ್ವಾ ಉಳಿದ ದೊಡ್ಡ ಹೆಸರುಗಳನ್ನು ಸಾಕಿದ್ದು? ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ, ಒಬ್ಬನಿಗೆ ಕೊಟ್ಟರೆ ಇನ್ನೊಬ್ಬ ಹೋಗಬೇಕು. ಹಾಗೇ 2025ರಲ್ಲಿ ಚೆಂಡು ಹಿಡಿದು ಓಡುವ ನಮ್ಮ ಡೀಬೋ ಸ್ಯಾಮ್ಯುಯೆಲ್ ವಾಷಿಂಗ್ಟನ್‌ಗೆ ಹೋದ, ಗ್ರೀನ್‌ಲಾ ಡೆನ್ವರ್‌ಗೆ. ನನ್ನ ಮಗಳ ಕೋಣೆಯಲ್ಲಿ ಡೀಬೋನ ಪೋಸ್ಟರ್ ಇನ್ನೂ ಇದೆ, ತೆಗೆಯಲು ಬಿಡುತ್ತಿಲ್ಲ.

ಆಗಸ್ಟ್ ಕೊನೆಯ ವಾರ ಮಾತ್ರ ನನಗೆ ನೋಡಲು ಆಗುವುದಿಲ್ಲ. 90 ಜನರಲ್ಲಿ 53 ಜನರನ್ನು ಇಟ್ಟುಕೊಂಡು ಉಳಿದವರನ್ನು ಬಿಡುತ್ತಾರೆ. ಕೆಲಸ ಹೋಗಿ, ಹೊಸ ಕೆಲಸ ಹುಡುಕಲು ವೀಸಾದಲ್ಲಿ ಸಿಗುವ 60 ದಿನ ಎಣಿಸುತ್ತಾ ನಮ್ಮ ಮನೆ ಸೋಫಾ ಮೇಲೆ ಮಲಗುತ್ತಿದ್ದ ಗೆಳೆಯನೊಬ್ಬ ಆ ಪಟ್ಟಿ ಓದಿ ಟಿವಿ ಬಂದ್ ಮಾಡಿದ್ದ.

ಕೊನೆಗೆ ಒಂದು ಮಾತು, ಮ್ಯಾಚ್‌ಗೆ ಹೋದರೆ ನಮ್ಮವರ ಮೈದಾನವಾದ ಲೀವೈಸ್ ಸ್ಟೇಡಿಯಂನ ಪೂರ್ವದ ಕಡೆ ಟಿಕೆಟ್ ತಗೋಬೇಡಿ, ಸೆಪ್ಟೆಂಬರ್ ಬಿಸಿಲಿಗೆ ಹಪ್ಪಳ ಆಗುತ್ತೀರಿ. ಬ್ಯಾಗ್ ಪಾರದರ್ಶಕ ಇರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಅಥವಾ ಈ ಭಾನುವಾರ ಅಜ್ಜನ ಗ್ಯಾರೇಜಿಗೇ ಬನ್ನಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನಮ್ಮ ಮನೆಯಿಂದ ಬರುತ್ತದೆ. ಮೂಡಿ ಹೆಸರು ಮಾತ್ರ ಎತ್ತಬೇಡಿ.