ಇಲಿಗೂ ಚಳಿಯಾಗುತ್ತದೆ, ಗೂಡು ಕಿತ್ತು ಎಸೆಯಬೇಡಿ

ಪ್ರಯೋಗಕ್ಕೆ ಬಳಸುವ ಪ್ರಾಣಿಗಳನ್ನು ಸಾಕುವ ಅನಿಮಲ್ ಹೌಸ್‌ನಲ್ಲಿ ಪಶುವೈದ್ಯನಾಗಿ ಕೆಲಸ ಮಾಡುವ ನನಗೆ ಪ್ರತಿ ತಿಂಗಳೂ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ತಪ್ಪುವುದೇ ಇಲ್ಲ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಪಿಎಚ್‌ಡಿ ವಿದ್ಯಾರ್ಥಿನಿ. ಕ್ಯಾನ್ಸರ್ ಸಂಶೋಧನೆಗೆ ಮೌಸ್ (ಚಿಕ್ಕ ಜಾತಿಯ ಇಲಿ) ಸಾಕಿದ್ದೇವೆ. ಎಸಿ ಸದಾ 22 ಡಿಗ್ರಿ. ಕೇಜ್‌ಗೆ ಭತ್ತದ ಹೊಟ್ಟು ಹಾಕುತ್ತೇವೆ, ಮೇವು ನೀರಿಗೆ ಕೊರತೆಯಿಲ್ಲ. ಗೂಡು ಕಟ್ಟಲು ಪೇಪರ್ ಕೊಡಿ ಅಂತ ಪಶುವೈದ್ಯರು ಹೇಳುತ್ತಾರೆ. ಪೇಪರ್ ಕೊಟ್ಟರೆ ಒಂದೊಂದು ಕೇಜ್ ಒಂದೊಂದು ತರಹ ಆಗಿ ರಿಸಲ್ಟ್ ಕೆಡುತ್ತದೆ, ಇಲಿ ಕಣ್ಣಿಗೂ ಬೀಳುವುದಿಲ್ಲ ಅಂತ ನಮ್ಮ ಗೈಡ್ ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಪಶುವೈದ್ಯರ ಮಾತು ಕೇಳಿ.

22 ಡಿಗ್ರಿ ಹಿತವಾಗಿರುವುದು ಏಪ್ರನ್, ಮಾಸ್ಕ್, ಗ್ಲೌಸ್ ಹಾಕಿಕೊಂಡು ಓಡಾಡುವ ನಮಗೆ. ಇಲಿಗಲ್ಲ. ಒಂದು ಮೌಸ್ ತೂಗುವುದು ಸುಮಾರು 25 ಗ್ರಾಂ. ಅಷ್ಟು ಚಿಕ್ಕ ಮೈಯಿಂದ ಶಾಖ ಬಲು ಬೇಗ ಸೋರಿಹೋಗುತ್ತದೆ. ಸುಮ್ಮನೆ ಮಲಗಿದ್ದಾಗ ಹೆಚ್ಚು ಶಕ್ತಿ ಸುಡದೆ ಅದು ಬೆಚ್ಚಗಿರಬೇಕಾದರೆ ಸುಮಾರು 30 ಡಿಗ್ರಿ ಬೇಕು. ಅದಕ್ಕಿಂತ ತಣ್ಣಗಿದ್ದರೆ ತಿಂದ ಮೇವಿನ ದೊಡ್ಡ ಪಾಲು ಮೈ ಕಾಯಿಸಿಕೊಳ್ಳಲಿಕ್ಕೇ ಹೋಗುತ್ತದೆ. ಎದೆಬಡಿತ ಏರುತ್ತದೆ, ಮೇವು ಜಾಸ್ತಿ ಬೇಕಾಗುತ್ತದೆ. ನಮ್ಮ ದೇಶದ ಮಾರ್ಗಸೂಚಿ 18ರಿಂದ 29 ಡಿಗ್ರಿವರೆಗೆ ಒಪ್ಪುತ್ತದೆ, ನಿಜ. ಕಾಗದದ ಮೇಲೆ ಒಪ್ಪಿಗೆ ಇದೆ ಅಂದಮಾತ್ರಕ್ಕೆ ಇಲಿಯ ಚಳಿ ಹೋಗುವುದಿಲ್ಲ.

ನಿಮ್ಮದು ಕ್ಯಾನ್ಸರ್ ಕೆಲಸ ಅಂದಿರಿ. ಹಾಗಾದರೆ ಇದನ್ನು ನಿಮ್ಮ ಗೈಡ್‌ಗೆ ತೋರಿಸಿ. ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಮೌಸ್‌ಗಳನ್ನು 22 ಡಿಗ್ರಿ ಆಸುಪಾಸಿನಲ್ಲೂ ಕೆಲವನ್ನು 30 ಡಿಗ್ರಿ ಆಸುಪಾಸಿನಲ್ಲೂ ಇಟ್ಟರು. ಬೆಚ್ಚಗಿದ್ದವುಗಳಲ್ಲಿ ಗೆಡ್ಡೆ ನಿಧಾನವಾಗಿ ಬೆಳೆಯಿತು. ಗೆಡ್ಡೆಯ ವಿರುದ್ಧ ಹೋರಾಡುವ ರೋಗನಿರೋಧಕ ಕೋಶಗಳೂ ಚೆನ್ನಾಗಿ ಕೆಲಸ ಮಾಡಿದವು. ಅಂದರೆ ನೀವು ‘ನಾರ್ಮಲ್’ ಅಂದುಕೊಂಡಿರುವ ಇಲಿ ಚಳಿಯಲ್ಲಿ ನಡುಗುತ್ತಿರುವ ಇಲಿ. ರಿಸಲ್ಟ್ ಕೆಡುವ ಭಯ ಇದ್ದರೆ ಮೊದಲು ಈ ಚಳಿಗೆ ಹೆದರಬೇಕು, ಅಲ್ವಾ?

ಹಾಗಂತ ಎಸಿಯನ್ನು 30ಕ್ಕೆ ಏರಿಸಿ ಅಂತ ನಾನು ಹೇಳುವುದಿಲ್ಲ. ಅಷ್ಟು ಸೆಕೆಯಲ್ಲಿ ಕೆಲಸದವರು ಬಸವಳಿಯುತ್ತಾರೆ. ರಾತ್ರಿ ಓಡಾಡುವಾಗ ಇಲಿಗೂ ಅಷ್ಟು ಬಿಸಿ ಬೇಡ, ಹಾಲೂಡಿಸುವ ತಾಯಿಗಂತೂ ಬೇಡವೇ ಬೇಡ. ಚಳಿಯಾದರೆ ಒಳಗೆ ಹೋಗಿ, ಸೆಕೆಯಾದರೆ ಹೊರಗೆ ಬರುವ ಅನುಕೂಲ ಗೂಡಿನಲ್ಲಿ ಮಾತ್ರ ಇದೆ.

ಒಂದು ಸಂಜೆ, ದೀಪ ಆರುವ ಹೊತ್ತಿಗೆ, ಒಂದು ಕೇಜ್ ಮುಂದೆ ಕುಳಿತು ನೋಡಿ. ಇಲಿ ಟಿಶ್ಯೂವನ್ನು ಮುಂಗಾಲಿನಲ್ಲಿ ಒತ್ತಿ ಹಿಡಿದು, ಹಲ್ಲಿನಿಂದ ಉದ್ದುದ್ದ ಸೀಳುತ್ತದೆ. ಸೀಳಿದ್ದನ್ನು ಬಾಯಲ್ಲಿ ಕಚ್ಚಿಕೊಂಡು ಬೆಳಕು ಕಡಿಮೆ ಇರುವ ಮೂಲೆಗೆ ಓಡುತ್ತದೆ. ಮಧ್ಯದಲ್ಲಿ ಕೂತು ಸುತ್ತಲೂ ಗೋಡೆ ಎಬ್ಬಿಸುತ್ತದೆ, ಮೇಲೆ ಮುಚ್ಚಿಕೊಳ್ಳುತ್ತದೆ, ಒಂದು ಪಕ್ಕ ಕಿಂಡಿ ಬಿಡುತ್ತದೆ. ಬೆಳಿಗ್ಗೆ ಆ ಕಿಂಡಿಯಲ್ಲಿ ಬೆರಳು ಇಟ್ಟರೆ ಒಳಗಿನ ಬಿಸಿ ತಾಕುತ್ತದೆ. ಮರಿ ಹಾಕಿದ್ದರೆ ಹುರುಳಿಕಾಳಿನಷ್ಟು ನಸುಗೆಂಪು ಹೊಟ್ಟೆಗಳು ಕಾಣುತ್ತವೆ, ಕುಡಿದ ಹಾಲು ತೆಳು ಚರ್ಮದ ಕೆಳಗೆ ಬೆಳ್ಳಗೆ ಮಿನುಗುತ್ತಿರುತ್ತದೆ. ಇದನ್ನು ಯಾರೂ ಅದಕ್ಕೆ ಕಲಿಸಿಲ್ಲ. ಎಷ್ಟೋ ತಲೆಮಾರಿನಿಂದ ಲ್ಯಾಬ್‌ನಲ್ಲೇ ಹುಟ್ಟಿದ ಇಲಿಯೂ ಪೇಪರ್ ಸಿಕ್ಕಿದ ರಾತ್ರಿಯೇ ಕಟ್ಟುತ್ತದೆ.

ಭತ್ತದ ಹೊಟ್ಟಿನಲ್ಲಿ ಗೂಡು ನಿಲ್ಲುವುದಿಲ್ಲ. ಅದು ಮೂತ್ರ ಹೀರುವ ಹಾಸು, ಅಷ್ಟೇ. ಒಂದು ಕೇಜ್‌ಗೆ 8ರಿಂದ 10 ಗ್ರಾಂ ಉದ್ದ ಎಳೆಯ ಪೇಪರ್ ಕೊಡಿ. ಮಡಿಕೆ ಮಡಿಕೆಯಾಗಿ ಕತ್ತರಿಸಿದ ಪೇಪರ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಬಣ್ಣ, ವಾಸನೆ ಇಲ್ಲದ ಟಿಶ್ಯೂ ಸಾಕು. ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ರೋಗಾಣು ಕೊಂದು, ಹಾಕಿ. ಒಂದೇ ಒಂದು ಟಿಶ್ಯೂ ಹಾಕಿ ‘ಕೊಟ್ಟಿದ್ದೇವೆ’ ಅಂತ ರಿಜಿಸ್ಟರ್‌ನಲ್ಲಿ ಬರೆಯಬೇಡಿ. ಹಾಸಿಗೆ ಕೇಳಿದವರಿಗೆ ಕರವಸ್ತ್ರ ಕೊಟ್ಟಂತೆ ಅದು. ಟೈಲರ್ ಅಂಗಡಿಯ ಬಟ್ಟೆ ಚೂರು ಬೇಡ, ನೂಲು ಕಾಲಿಗೆ ಸುತ್ತಿಕೊಂಡು ಪಾದ ಕಳೆದುಕೊಂಡ ಮರಿಯನ್ನು ನಾನು ಕಂಡಿದ್ದೇನೆ. ಕೂದಲಿಲ್ಲದ ನ್ಯೂಡ್ ಮೌಸ್‌ಗಳ ಹತ್ತಿರ ಹತ್ತಿ ತರಲೇಬೇಡಿ, ರೆಪ್ಪೆಗೂದಲಿಲ್ಲದ ಕಣ್ಣಿಗೆ ಎಳೆ ಹೋಗಿ ಉರಿಯೂತ ಆಗುತ್ತದೆ.

ಇನ್ನು ‘ಒಂದೊಂದು ಕೇಜ್ ಒಂದೊಂದು ತರಹ’ ಅನ್ನುವ ವಾದ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವ ವಿಜ್ಞಾನಿ ಹಾನೊ ವುರ್ಬೆಲ್ ಮತ್ತು ಜೊತೆಗಾರರು 2004ರಲ್ಲೇ ಮೂರು ಲ್ಯಾಬ್‌ಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಬೋಳು ಕೇಜ್ ಮತ್ತು ಗೂಡಿನ ಸಾಮಗ್ರಿ, ಅಡಗುತಾಣ ಎಲ್ಲ ಇದ್ದ ಕೇಜ್‌ಗಳನ್ನು ಹೋಲಿಸಿದರು. ಸೌಕರ್ಯ ಕೊಟ್ಟಿದ್ದರಿಂದ ಇಲಿಗಳ ನಡವಳಿಕೆಯ ಅಳತೆಗಳಲ್ಲಿ ಏರುಪೇರು ಹೆಚ್ಚಲಿಲ್ಲ. ಇಷ್ಟು ವರ್ಷ ಕಳೆದ ಮೇಲೂ ಅದೇ ವಾದ ಕೇಳಬೇಕಾಗಿ ಬಂದಾಗ ನನಗೆ ಸಿಟ್ಟು ಬರುತ್ತದೆ. ಔಷಧಿ ಕೊಡದ ಕಂಟ್ರೋಲ್ ಗುಂಪಿಗೂ ಕೊಡುವ ಟ್ರೀಟ್‌ಮೆಂಟ್ ಗುಂಪಿಗೂ ಒಂದೇ ಪೇಪರ್, ಒಂದೇ ತೂಕ ಕೊಡಿ. ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೊಡುವ ನೀತಿ ಸಮಿತಿಯ ಅರ್ಜಿಯಲ್ಲಿ, ಆಮೇಲೆ ಸಂಶೋಧನಾ ಲೇಖನ ಬರೆಯುವಾಗಲೂ ಅದನ್ನು ನಮೂದಿಸಿ. ಅಲ್ಲಿಗೆ ಮುಗಿಯಿತು.

ಇಲಿ ಕಣ್ಣಿಗೆ ಬೀಳುವುದಿಲ್ಲ ಅನ್ನುವುದೂ ತಿರುಗುಮುರುಗಾದ ಮಾತು. ಹಗಲಲ್ಲಿ ಗೂಡಿನೊಳಗೆ ಇರಬೇಕಾದ ಇಲಿ ಹೊರಗೆ ಬೆನ್ನು ಗೂನು ಮಾಡಿ ಕೂತಿದೆ ಅಂದರೆ ನೀವು ಮೊದಲು ನೋಡಬೇಕಾದ್ದು ಅದನ್ನೇ. ಅನುಮಾನ ಇದ್ದರೆ ಹೊಸ ಪೇಪರ್ ತುಂಡು ಒಳಗಿಟ್ಟು 10 ನಿಮಿಷ ಕಾಯಿರಿ. ಆರೋಗ್ಯವಾಗಿರುವ ಇಲಿ ಅದನ್ನು ಎಳೆದುಕೊಂಡು ಹೋಗಿ ಗೂಡಿಗೆ ಸೇರಿಸುತ್ತದೆ. ನೋವಿನಲ್ಲಿರುವುದು ಮುಟ್ಟುವುದಿಲ್ಲ. ಆಪರೇಷನ್ ಆದ ಇಲಿಗಳಿಗೆ ನಾನು ಇದನ್ನು ಮಾಡದೆ ಮನೆಗೆ ಹೋಗುವುದಿಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸ್ವಚ್ಛತೆ ಅಂದುಕೊಂಡು, ಕೇಜ್ ಬದಲಿಸುವಾಗ ಗೂಡುಗಳನ್ನೂ ಎಸೆಸಿದೆ. ಮಾರನೇ ಬೆಳಿಗ್ಗೆ ಗಂಡು ಇಲಿಗಳ ಕೇಜ್‌ಗಳಲ್ಲಿ ಬೆನ್ನು, ಬಾಲದ ಬುಡ ಎಲ್ಲ ಕಚ್ಚಿದ ಗಾಯ. ಅಲ್ಲಿ ವರ್ಷಗಟ್ಟಲೆ ಕೇಜ್ ತೊಳೆದಿದ್ದ ಅಣ್ಣನೊಬ್ಬರು ‘ಸಾರ್, ಒಣ ಗೂಡು ಹಾಗೇ ಎತ್ತಿ ಹೊಸ ಕೇಜ್‌ಗೆ ಹಾಕಿ, ಜಗಳ ಆಡಲ್ಲ’ ಅಂದರು. ಅವರು ಹೇಳಿದ್ದೇ ಸರಿ. ಗೂಡಿನಲ್ಲಿ ಅವುಗಳ ಮೈವಾಸನೆ ಇರುತ್ತದೆ, ಹೊಸ ಜಾಗದಲ್ಲೂ ಅದು ಜಗಳ ತಗ್ಗಿಸುತ್ತದೆ. ಒದ್ದೆಯಾದ ಹಾಸನ್ನು ಮಾತ್ರ ವರ್ಗಾಯಿಸಬೇಡಿ. ಮೂತ್ರದ ವಾಸನೆ ಜಗಳ ಹೆಚ್ಚಿಸುತ್ತದೆ.

ಪ್ರಶ್ನೆ: ಕಚ್ಚಿದ ಗಾಯಕ್ಕೆ ಅರಿಶಿನ ಹಚ್ಚಬಹುದೇ? ಒಬ್ಬರು ಹೇಳಿದರು.

ಉತ್ತರ: ಬೇಡ. ಇಲಿ ಅದನ್ನು ನೆಕ್ಕುತ್ತದೆ, ನಿಮ್ಮ ಪ್ರಯೋಗಕ್ಕೆ ಲೆಕ್ಕವಿಲ್ಲದ ಇನ್ನೊಂದು ಔಷಧಿ ಸೇರುತ್ತದೆ. ಪಶುವೈದ್ಯರನ್ನು ಕರೆಯಿರಿ. ಹೇಳಿದವರಿಗೂ ಹಾಗೇ ಹೇಳಿ.

ಪ್ರಶ್ನೆ: ಕಾಡು ಇಲಿ ಬರದಂತೆ ಕಾರಿಡಾರ್‌ನಲ್ಲಿ ಅಲ್ಟ್ರಾಸೌಂಡ್ ಯಂತ್ರ, ವಾಸನೆಗೆ ನುಸಿಗುಳಿಗೆ ಇಟ್ಟಿದ್ದೇವೆ. ಸರಿಯೇ?

ಉತ್ತರ: ಎರಡನ್ನೂ ಇವತ್ತೇ ತೆಗೆಯಿರಿ. ನಮಗೆ ಕೇಳದ ಆ ಸದ್ದು ಕೇಜ್‌ನಲ್ಲಿರುವ ಇಲಿಗೂ ಕೇಳುತ್ತದೆ, ಅದಕ್ಕೆ ಓಡಿಹೋಗಲು ಜಾಗವೇ ಇಲ್ಲ. ನುಸಿಗುಳಿಗೆಯ ಆವಿ ವಿಷ. ವಾಸನೆ ಬರುತ್ತಿದೆ ಅಂದರೆ ಅಮೋನಿಯಾ ಏರಿದೆ, ಗಾಳಿಯಾಟ ಸಾಲದು, ಅಥವಾ ಕೇಜ್‌ನಲ್ಲಿ ಇಲಿ ಜಾಸ್ತಿ ಇವೆ.

ಪ್ರಶ್ನೆ: ರ್ಯಾಟ್‌ಗಳನ್ನು (ದೊಡ್ಡ ಜಾತಿಯ ಇಲಿಗಳನ್ನು) ತಂತಿ ಜಾಲರಿ ನೆಲದ ಮೇಲೆ ತಿಂಗಳುಗಟ್ಟಲೆ ಇಡಬಹುದೇ?

ಉತ್ತರ: ಅಂಗಾಲು ಹುಣ್ಣಾಗುತ್ತದೆ. ಗಟ್ಟಿ ನೆಲ, ಹಾಸು, ಕಡಿಯಲು ಮರದ ತುಂಡು, ಜೊತೆಗೆ ಇನ್ನೊಂದು ರ್ಯಾಟ್.

ಪ್ರಶ್ನೆ: ಬಾಲ ಹಿಡಿದೇ ಎತ್ತುವುದನ್ನು ಕಲಿತಿದ್ದೇನೆ. ಬದಲಿಸಬೇಕೇ?

ಉತ್ತರ: ಬದಲಿಸಿ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ಜೊತೆಗಾರರು 2010ರಲ್ಲಿ ತೋರಿಸಿದ ಪ್ರಕಾರ, ಬಾಲ ಹಿಡಿದು ಎತ್ತಿದ ಮೌಸ್‌ಗಳಲ್ಲಿ ಆತಂಕ ಜಾಸ್ತಿ. ಪಾರದರ್ಶಕ ಕೊಳವೆಯಲ್ಲಿ ಅಥವಾ ಬೊಗಸೆಯಲ್ಲಿ ಎತ್ತಿದವು ತಾವಾಗಿಯೇ ಕೈ ಹತ್ತಿರ ಬರುತ್ತವೆ. ಕೊಳವೆಯನ್ನು ಕೇಜ್‌ನಲ್ಲೇ ಬಿಟ್ಟಿರಿ. ಹಿಡಿಯುವಾಗ ಅದನ್ನು ಗೋಡೆಗೆ ಒತ್ತಿ ಇಟ್ಟು, ಇನ್ನೊಂದು ಕೈಯಿಂದ ಮೆಲ್ಲಗೆ ದಾರಿ ತೋರಿಸಿ. ಮೊದಲ ವಾರ ನಿಧಾನ ಆಗುತ್ತದೆ. ಅವಸರ ಮಾಡಬೇಡಿ, ಇಲಿ ಒಳಗೆ ನಡೆದುಕೊಂಡು ಬರುವ ತನಕ ಕಾಯಿರಿ.